ಟೆಂಪರ್ಟನ್ ಸಾಹೇಬನ ಎರಡನೇ ತಪಾಸಣೆ

ಬೀದಿಯ ತಿರುವಿನಲ್ಲಿ ಟೆಂಪರ್ಟನ್ ಸಾಹೇಬ ಕಾಣಿಸಿಕೊಂಡದ್ದೇ ತಡ, ಆಲ್ಮಾ ಗಾರ್ಫರ್ತ್ ಹಾಸಿಗೆಯನ್ನು ಸುರುಳಿ ಸುತ್ತಿ ಹಿತ್ತಲಿಗೆ ಓಡಿದಳು.

“ವೆರಾ, ಬಂದ ಕಣೇ ಅವನು. ಹಿಡ್ಕೋ ಇದನ್ನ.”

ಗೋಡೆಯಾಚೆ ಬಟ್ಟೆ ಒಣಗಿಸುತ್ತಿದ್ದ ನಾದಿನಿ ವೆರಾ, “ಯಾರು ಅತ್ತಿಗೆ, ಜರ್ಮನ್ನರಾ?” ಎಂದಳು.

“ಅವರಾಗಿದ್ರೆ ವಾಸಿಯಿತ್ತು. ಟೆಂಪರ್ಟನ್.”

ವೆರಾ ಎರಡೂ ಕೈ ಚಾಚಿದಳು.

ಇಂಗ್ಲೆಂಡಿನ ಹಲ್ ಬಂದರಿನ ಆ ಬೀದಿಯಲ್ಲಿ ಈ ಹೆಸರನ್ನು ಮರೆತವರಿರಲಿಲ್ಲ. ಒಂಬತ್ತು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ, ಹಡಗುಕಟ್ಟೆಯ ಕೆಲಸ ನಿಂತು ಆಲ್ಮಾಳ ಗಂಡ ಸಿರಿಲ್ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದ್ದ. ಭತ್ಯೆ ಕೊಡುವ ಮುನ್ನ ಮನೆಯಲ್ಲಿ ಮಾರಲು ಇನ್ನೇನೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಸರ್ಕಾರದ ಕಡೆಯಿಂದ ಬಂದವನು ಇವನೇ. ಮಂಚ ಎಷ್ಟು, ಕುರ್ಚಿ ಎಷ್ಟು, ನಿನ್ನೆ ರಾತ್ರಿ ಏನು ತಿಂದಿರಿ ಎಂದೆಲ್ಲ ಕೇಳಿದ. ಕೊನೆಗೆ ಪಿಯಾನೋ ಮುಂದೆ ನಿಂತು ಹೇಳಿದ: “ಹಸಿದವರ ಮನೇಲಿ ಸಂಗೀತ ಯಾಕಮ್ಮ? ಮೊದಲು ಇದನ್ನ ತಿಂದು ಮುಗಿಸಿ.”

ಅದು ಸಿರಿಲ್‌ನ ತಾಯಿಯ ಪಿಯಾನೋ. ಮಾರಿದರು. ಆರು ವಾರ ತಿಂದರು.

ಆಮೇಲೆ ಯುದ್ಧ ಬಂತು. ಶಾಂತಿಕಾಲ ಕೊಡದ ಸಂಬಳವನ್ನು ಯುದ್ಧ ಕೊಟ್ಟಿತು. ಸಿರಿಲ್ ಸಮುದ್ರದಲ್ಲಿ ಶತ್ರುಗಳು ಬಿತ್ತಿದ ಸಿಡಿಗುಂಡುಗಳನ್ನು ಗುಡಿಸುವ ಹಡಗಿಗೆ ಸೇರಿದ. ಆಲ್ಮಾ ಪ್ಯಾರಾಚೂಟ್ ಹೊಲಿಯತೊಡಗಿದಳು. ಸ್ಪ್ರಿಂಗಿನ ಮಂಚ ಬಂತು, ಆರಾಮಕುರ್ಚಿ ಬಂತು, ಎರಡು ರಜಾಯಿ ಬಂದವು. ಕಳೆದ ವಾರ ಎರಡು ರಾತ್ರಿ ಊರಿಗೆ ಊರೇ ಹೊತ್ತಿ ಉರಿದಾಗಲೂ ಅವಳ ಮನೆಯಲ್ಲಿ ಕಿಟಕಿಯ ಗಾಜು ಬಿಟ್ಟು ಬೇರೇನೂ ಹೋಗಲಿಲ್ಲ. ಆದರೆ ಬಾಂಬು ಬಿಟ್ಟದ್ದನ್ನು ಟೆಂಪರ್ಟನ್ ಬಿಡುತ್ತಾನೆಯೇ?

ಅವನು ಇಟ್ಟಿಗೆ ರಾಶಿಗಳನ್ನು ದಾಟುತ್ತ, ಮನೆಯ ನಂಬರುಗಳನ್ನು ಹುಡುಕುತ್ತ ನಿಧಾನವಾಗಿ ಬರುತ್ತಿದ್ದ. ಅಷ್ಟರಲ್ಲಿ ರಜಾಯಿಗಳು ಗೋಡೆ ಹಾರಿದವು. ಮಂಚ ಬಿಡಿಬಿಡಿಯಾಗಿ ಹೋಯಿತು. ಕಲ್ಲಿದ್ದಲ ಚೀಲ, ಚಹಾ ಡಬ್ಬಿ, ಉಪ್ಪು ಹಚ್ಚಿಟ್ಟ ಹಂದಿಮಾಂಸ ಹೋದವು. ಆರಾಮಕುರ್ಚಿ ಗೋಡೆಯ ಮೇಲೆ ಸಿಕ್ಕಿಕೊಂಡಿತು. ವೆರಾ ಆಚೆಯಿಂದ ಎಳೆದಳು. ಒಂದು ಕಾಲು ಮಾತ್ರ ಕೈಗೆ ಬಂತು. ಇನ್ನೊಮ್ಮೆ ಎಳೆದಾಗ ಉಳಿದದ್ದೂ ಬಂತು.

ಬಾಗಿಲು ಸದ್ದಾಯಿತು.

ಹಿಂದೆ ಅವನ ಕೋಟಿನ ಮೇಲೆ ಒಂದು ಕೂದಲೂ ಇರುತ್ತಿರಲಿಲ್ಲ. ಈಗ ಸುಣ್ಣದ ಧೂಳು. ಹಿಂದೆ ಕಂಕುಳಲ್ಲಿ ತೆಳ್ಳನೆಯ ಚರ್ಮದ ಚೀಲವಿತ್ತು. ಈಗ ಕೈಯಲ್ಲಿ ದೊಡ್ಡ ಸೂಟ್‌ಕೇಸು. ಯುದ್ಧಕಾಲ, ಫಾರಂಗಳು ಹೆಚ್ಚಿರಬೇಕು ಎಂದುಕೊಂಡಳು ಆಲ್ಮಾ.

ಅವನು ಒಂದು ಕಾಗದ ಚಾಚಿದ. “ಇದನ್ನ ಒಂದ್ಸಲ ಓದಿಬಿಡಿ, ಅಮ್ಮಾವ್ರೆ.”

“ಅದರಲ್ಲಿ ಏನಿರತ್ತೆ ಅಂತ ನಂಗೆ ಗೊತ್ತು.” ಕಾಗದವನ್ನು ಮಡಚಿ ಏಪ್ರನ್ನಿನ ಜೇಬಿಗೆ ತುರುಕಿದಳು.

“ಹಾಗಾದ್ರೆ ನಿಮ್ಮದೇನೂ ತಕರಾರಿಲ್ಲ?”

“ಬಡವರದ್ದು ಎಂಥ ತಕರಾರು ಸ್ವಾಮಿ? ಕಾನೂನು ಅಂದ್ರೆ ಕಾನೂನು.”

ಅವನ ಮುಖ ಕೊಂಚ ಹಗುರಾಯಿತು. ಕಾಲೊರಸಿನ ಮೇಲೆ ಬೂಟು ಉಜ್ಜಿಕೊಂಡು ಒಳಗೆ ಬಂದ. ಅಯ್ಯೋ, ಕಾಲೊರಸನ್ನು ಮರೆತೆನಲ್ಲ ಎಂದುಕೊಂಡಳು ಆಲ್ಮಾ.

“ಮಂಚ ಎಲ್ಲಿದೆ?”

“ಮಂಚದ ಮುಖ ನೋಡಿ ವರ್ಷಗಳಾದ್ವು. ನೆಲದ ಮೇಲೇ ಮಲಗೋದು.”

“ಹೊದೆಯೋಕೆ?”

“ಯಜಮಾನರ ಹಳೇ ಕೋಟು.”

ಅವನು ಒಲೆಗೂಡಿನ ಮುಂದೆ ಬಗ್ಗಿ ಅಂಗೈ ಹಿಡಿದ. “ಬೆಚ್ಚಗಿದೆಯಲ್ಲ.”

“ಬಿಸಿಲು ಬಿದ್ದಿತ್ತು. ಗಾಜಿಲ್ವಲ್ಲ, ನೇರ ಒಳಗೇ ಬರತ್ತೆ.”

“ರಾತ್ರಿ ಊಟಕ್ಕೆ ಏನು ಮಾಡ್ತೀರಿ?”

“ಓಟ್ಸ್ ಗಂಜಿ. ಉಪ್ಪು ಹಾಕದ್ದು.”

“ದಿನಾನೂ ಅದೇನಾ?”

“ಭಾನುವಾರ ಮಾತ್ರ ಎರಡು ಸಲ ಕಲಕ್ತೀನಿ.”

ಒಂದೊಂದು ಉತ್ತರಕ್ಕೂ ಅವನ ಭುಜ ಒಂದೊಂದು ಅಂಗುಲ ಇಳಿಯಿತು. ಏನನ್ನೂ ಬರೆದುಕೊಳ್ಳಲಿಲ್ಲ. ಬರೆಯಲು ಏನಿದೆ ಇಲ್ಲಿ? ಆಲ್ಮಾಳಿಗೆ ಒಳಗೊಳಗೇ ಹಬ್ಬ. ಒಂಬತ್ತು ವರ್ಷ ಕಾದಿದ್ದಳು ಈ ದಿನಕ್ಕೆ.

ಹಿತ್ತಲಾಚೆ ಧಡಾರನೆ ಏನೋ ಬಿತ್ತು. ವೆರಾ ಹಡಗುಕಟ್ಟೆಯ ಭಾಷೆಯಲ್ಲಿ ಎರಡು ಮಾತು ಬೈದಳು.

“ಅದೇನು?”

“ನನ್ನ ನಾದಿನಿ. ಅವಳ ಮನೇಲಿ ಸಾಮಾನು ಕಾಲಿಗೆ ತೊಡರತ್ತೆ. ಅಲ್ಲಿಗೆ ಹೋಗಿ ನೀವು.”

“ಅಲ್ಲಿಗೆ ಬೇರೆಯವರು ಹೋಗ್ತಾರೆ. ನನ್ನ ಪಾಲಿಗೆ ಬಂದಿರೋದು ನಿಮ್ಮ ಮನೆ.” ಅವನು ಖಾಲಿ ಗೋಡೆಯತ್ತ ನೋಡಿದ. “ಇಲ್ಲೊಂದು ಪಿಯಾನೋ ಇತ್ತಲ್ವಾ?”

“ತಿಂದುಬಿಟ್ವಿ. ನೀವೇ ಹೇಳಿದ್ರಲ್ಲ.”

ಟೆಂಪರ್ಟನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದರ ಅಂಚನ್ನೇ ತಿರುಗಿಸತೊಡಗಿದ. ಈ ಮನುಷ್ಯನ ಬಗ್ಗೆ ಕನಿಕರ ಪಡುವುದು ಆಲ್ಮಾಳಿಗೆ ಬೇಕಿರಲಿಲ್ಲ.

“ಎಲ್ಲ ನೋಡಿದ್ರಲ್ಲ. ಇನ್ನು ಹೊರಡಿ.”

“ಎಲ್ಲಿಗೆ?” ಎಂದ ಅವನು, ನಿಜಕ್ಕೂ ಗೊತ್ತಿಲ್ಲದವನಂತೆ.

ಆಲ್ಮಾ ಜೇಬಿನಿಂದ ಕಾಗದ ತೆಗೆದು, ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. “ಈ ಪತ್ರ ತಂದವರ ಮನೆಯು ಗುರುವಾರ ರಾತ್ರಿಯ ಬಾಂಬ್ ದಾಳಿಯಲ್ಲಿ ನೆಲಸಮವಾಗಿದೆ. ಯುದ್ಧ ಮುಗಿಯುವವರೆಗೆ ಇವರನ್ನು ತಮ್ಮ ಮನೆಯಲ್ಲಿ ಇರಿಸಿಕೊಳ್ಳತಕ್ಕದ್ದು. ಮನೆಯೊಡತಿಗೆ ಯಾವ ಸೌಕರ್ಯವೋ ಇವರಿಗೂ ಅದೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.”

“ನೀವು ನೆಲದ ಮೇಲೆ ಯಾವ ಕಡೆ ಮಲಗ್ತೀರಿ ಅಂತ ಹೇಳಿಬಿಡಿ ಅಮ್ಮಾವ್ರೆ, ನಾನು ಈ ಕಡೆ ಗೋಡೆಗೆ ಮಲಗ್ತೀನಿ,” ಎಂದ ಟೆಂಪರ್ಟನ್.