ಮುಂದಿನ ಎರಡು ಟೈರು

ಘಟಪ್ರಭಾ ದಾಟುವಾಗ ಹೊತ್ತು ಮುಳುಗಲು ಇನ್ನೂ ಒಂದು ತಾಸು ಇತ್ತು. ವೃಷಭ ಹಳೆಯ ಮಾರುತಿ ಕಾರಿನ ಗೇರು ಬದಲಿಸಿ, ಪಕ್ಕದಲ್ಲಿ ಕುಳಿತಿದ್ದ ತಾಯಿ ಜಿನ್ನವ್ವನಿಗೆ ಹೇಳಿದ:

"ಅವ್ವಾ, ಹೊತ್ತು ಮುಳುಗೂದ್ರೊಳಗ ಕಣಗಲಾದ ಮನ್ಯಾಗ ನಿನ್ನ ತಾಟಿನ ಮುಂದ ಕುಂಡ್ರಸ್ತೇನಿ. ಇವತ್ತ ಉಪಾಸ ಮಲಗಾಕ ಬಿಡೂದಿಲ್ಲ."

ಜಿನ್ನವ್ವ ಬೆಳಗಿನಿಂದ ಏನೂ ತಿಂದಿರಲಿಲ್ಲ. ಮಸಗುಪ್ಪಿಯಲ್ಲಿ ಮಗಳು ಭಕ್ತಿ ಹಡೆದು ಮೂರು ದಿನವಾಗಿತ್ತು, ತಾಯಿ ಮಗ ಅವಳನ್ನು ನೋಡಿ ಮರಳುತ್ತಿದ್ದರು. ಪುರುಡಿನ ಮನೆಯಲ್ಲಿ ಆಕೆ ನೀರನ್ನೂ ಮುಟ್ಟುವವಳಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ಜೈನರ ನೇಮವನ್ನು ಮದುವೆಯಾಗಿ ಬಂದಂದಿನಿಂದ ಒಂದು ದಿನವೂ ಮುರಿದಿಲ್ಲ. ಹೋದ ಮಳೆಗಾಲದಲ್ಲಿ ಇದೇ ದಾರಿಯಲ್ಲಿ ಬೋಳು ಟೈರು ಜಾರಿ ಜಾರಿ, ಕಾರು ತೆವಳುತ್ತ ಮನೆ ಮುಟ್ಟಿದಾಗ ಕತ್ತಲಾಗಿತ್ತು. ಮುಚ್ಚಿಟ್ಟ ತಾಟನ್ನು ನೋಡಿಯೂ ನೋಡದಂತೆ ಆಕೆ ಮಲಗಲು ಹೋದದ್ದು ವೃಷಭನ ಕರುಳಿಗೆ ಚುಚ್ಚಿತ್ತು.

ಅಲ್ಲಿಗೆ ಅವನ ಟೈರಿನ ಹುಚ್ಚಿಗೆ ಒಳ್ಳೆಯ ನೆವವೂ ಸಿಕ್ಕಿತು. ಹುಚ್ಚು ಮೊದಲಿನದೇ. ಗೋಕಾಕದ ಸೈಬರ್ ಕೆಫೆಯಲ್ಲಿ ತಾಸುಗಟ್ಟಲೆ ಕುಳಿತು, ಹಸಿ ರಸ್ತೆಗೆ ಯಾವ ಗೆರೆಯ ಟೈರು, ಮೆತ್ತನೆಯ ರಬ್ಬರು ಎಷ್ಟು ದಿನ ಬಾಳುತ್ತದೆ ಎಂದು ನೋಟ್‌ಬುಕ್ಕು ತುಂಬಿಸಿದ. ಇಷ್ಟು ಸಣ್ಣ ಗಾಲಿಗೆ ಅಂಥ ಟೈರು ಜಪಾನಿನಲ್ಲಿ ಮಾತ್ರ ಕಂಡಿತು. ಕಾರಿನ ರೇಸಿಗೆ ಇಳಿಯುವ ಪುಣೆಯ ಗೆಳೆಯನೊಬ್ಬ ಹಡಗಿನಲ್ಲಿ ತರಿಸುವ ತನ್ನ ಪೆಟ್ಟಿಗೆಯಲ್ಲಿ ಒಂದಿಷ್ಟು ಜಾಗ ಕೊಟ್ಟ. ನಾಲ್ಕಕ್ಕೆ ದುಡ್ಡು ಸಾಲದೆ ಎರಡೇ ಬಂದವು. ಮುಂದಕ್ಕೆ ಹೊಸವು, ಹಿಂದಕ್ಕೆ ಅವೇ ಬೋಳು ಟೈರು.

"ಮಣ್ಣಾಗ ಉರುಳೂ ಗಾಲಿಗೆ ಜಪಾನ್ ಯಾಕ ಬೇಕಾತಪಾ?" ಎಂದು ಜಿನ್ನವ್ವ ನಾಲ್ಕು ದಿನ ಮಗನೊಂದಿಗೆ ಮಾತು ಬಿಟ್ಟಿದ್ದಳು.

ಧುಪದಾಳದ ತಿರುವಿನಲ್ಲಿ ರಸ್ತೆಯ ತುಂಬ ಕುರಿ. ವೃಷಭ ಬ್ರೇಕನ್ನು ನೆಲಕ್ಕೆ ಒತ್ತಿದ. ಹಿಂದಿನ ಟೈರುಗಳು ಕಿರುಚುತ್ತ ಪಕ್ಕಕ್ಕೆ ಸರಿದವು, ಮುಂದಿನವು ಡಾಂಬರನ್ನು ಕಚ್ಚಿ ಹಿಡಿದವು. ಕಾರು ನಿಂತಿತು. ಸದ್ದಿಗೆ ಬೆದರಿದ ಹಿಂಡು ಚೆಲ್ಲಾಪಿಲ್ಲಿಯಾಗಿ ಎರಡೂ ಬದಿಯ ಗೋವಿನಜೋಳದ ಹೊಲಕ್ಕೆ ನುಗ್ಗಿತು.

"ಏನ್ರಿ ಸಾವಕಾರ್ರ, ಇಷ್ಟ ಅವಸರ ಎಲ್ಲಿಗ್ರಿ?" ಎಂದ ಕುರುಬರ ಬೀರಸಿದ್ದಪ್ಪ. ಬೈಯಲೂ ಅವನಿಗೆ ಪುರುಸೊತ್ತಿರಲಿಲ್ಲ, ಕೋಲು ಹಿಡಿದು ಹೊಲಕ್ಕೆ ಓಡಿದ.

ದಾರಿ ತೆರವಾದಂತೆ ಕಂಡಿತು. ವೃಷಭ ಮತ್ತೆ ಗೇರು ಹಾಕಲು ಹೋದ. ಜಿನ್ನವ್ವ ಅವನ ಕೈ ಹಿಡಿದಳು.

"ನಾವ ಬೆದರಿಸೇವಿ, ನಾವ ಕೂಡಿಸಿ ಕೊಡಬೇಕು. ಇಳಿ."

"ಅವ್ವಾ, ಹೊತ್ತು ಮುಳಗತೈತಿ. ನಿನ್ನ ಊಟ..."

"ಹೊತ್ತು ದಿನಾ ಮುಳಗತೈತಿ. ಇಳಿ ಅಂದೆ."

ವೃಷಭ ಇಳಿದ. ಪ್ಯಾಂಟು ಮಡಚಿಕೊಂಡು ಕೆಸರಿನಲ್ಲಿ ಕುರಿಗಳ ಹಿಂದೆ ಓಡಿದ. ಹಿಂಡು ಅವನಿಗೆ ಕಾಸಿನ ಕಿಮ್ಮತ್ತೂ ಕೊಡಲಿಲ್ಲ. ಅಂತೂ ಎಲ್ಲ ಕೂಡಿದಾಗ ಬೀರಸಿದ್ದಪ್ಪ ಎರಡು ಸಲ ಎಣಿಸಿ, ಒಂದು ಮರಿ ಕಡಿಮೆ ಎಂದ. ಅದನ್ನು ಕಂಡವಳು ಜಿನ್ನವ್ವ. ಮರಿ ಎಲ್ಲಿಗೂ ಓಡಿರಲಿಲ್ಲ. ಕಾರಿನ ಮುಂದಿನ ಗಾಲಿಯ ಎದುರಿಗೇ ನಡುಗುತ್ತ ಕುಳಿತಿತ್ತು. ಆಕೆ ಬಗ್ಗಿ, ಟೈರಿಗೂ ಮರಿಯ ಕಾಲಿಗೂ ನಡುವೆ ಬೆರಳಿಟ್ಟು ನೋಡಿದಳು. ನಾಲ್ಕೇ ಬೆರಳು. ಆಮೇಲೆ ಮರಿಯನ್ನೆತ್ತಿ ತಾಯಿಕುರಿಯ ಹತ್ತಿರ ಬಿಟ್ಟಳು. ಅಷ್ಟರಲ್ಲಿ ನದಿಯಾಚೆ ಸೂರ್ಯ ಇಳಿದಿದ್ದ.

ಕಣಗಲಾದಲ್ಲಿ ಸೊಸೆ ರೂಪಾಲಿ ಬಾಗಿಲಲ್ಲೇ ನಿಂತಿದ್ದಳು. ಅತ್ತೆಯ ತಾಟನ್ನು ಒಳಗಿಟ್ಟು, ಗಂಡನಿಗೆ ಬಡಿಸಿದಳು. ರಾತ್ರಿ ಉಣ್ಣಬಾರದೆಂಬ ನೇಮ ವೃಷಭನಿಗೆಂದೂ ಇರಲಿಲ್ಲ, ಆದರೂ ತಾಟು ಸರಿಸಿದ.

"ಇಷ್ಟೆಲ್ಲಾ ಮಾಡಿ ಟೈರ್ ತರಿಸಿದೆ ಅವ್ವಾ, ನೀ ಮತ್ತ ಹಸದ ಮಲಗೂದಾತು. ಏನ ಬಂತು ಅದರಿಂದ?"

ಜಿನ್ನವ್ವ ತಾಟನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು.

"ಉಣ್ಣಪಾ. ಉಂಡು, ಆ ಪುಣೇದಾಂವಗ ಒಂದ ಫೋನ್ ಹಚ್ಚು. ಹಿಂದಿನ ಎರಡೂ ತರಿಸಿಬಿಡು."