ನಲವತ್ತೇಳನೇ ನಂಬರು

ಸರ್ವೆಯವನು ಸುಣ್ಣದ ಬ್ರಷ್ಷನ್ನು ಗೋಡೆಗೆ ತಾಗಿಸುವಷ್ಟರಲ್ಲಿ ಟೈಲರಮ್ಮ ಕತ್ತರಿ ಹಿಡಿದೇ ಅಡ್ಡ ಬಂದಳು. ಕಚ್ಚಾ ಎಣ್ಣೆಯ ಪೈಪ್‌ಲೈನಿಗಾಗಿ ಕೆಡವಬೇಕಾದ ಮನೆಯೆಂದು ಮೂರು ವರ್ಷಗಳ ಹಿಂದೆ ಅವನೇ ಅಲ್ಲಿ ಕೆಂಪು ಬಣ್ಣದಲ್ಲಿ '೪೭' ಎಂದು ಬರೆದಿದ್ದ.

"ಯೋಜನೆ ರದ್ದಾಯ್ತಲ್ಲಮ್ಮ, ಮನೆ ಉಳೀತು. ಈ ಗುರುತು ಅಳಿಸಿಬಿಡ್ತೀನಿ."

"ಮುಟ್ಟಿದ್ರೆ ನೋಡಿ! ನಮ್ಮ ಬೀದೀಲಿ ಯಾವ ಮನೆಗೂ ನಂಬರೇ ಇರ್ಲಿಲ್ಲ. ಪೋಸ್ಟಿನವರು ಇದನ್ನೇ ಮನೆ ನಂಬರು ಅಂದ್ಕೊಂಡ್ರು. ಈಗ ಮಗಳ ಶಾಲೇಲೂ ಅದೇ, ನನ್ನ ಅಂಗಡಿ ಬೋರ್ಡಲ್ಲೂ ಅದೇ."

"ಅಯ್ಯೋ, ಇದು ಕೆಡವೋ ಗುರುತಮ್ಮ!"

"ಆಗ ನಿಮ್ಮದಾಗಿತ್ತು. ಈಗ ನಮ್ಮದು." ಅವಳು ಕತ್ತರಿಯ ತುದಿಯಿಂದ ಗೋಡೆ ತೋರಿಸಿದಳು. "ಏಳು ಸ್ವಲ್ಪ ಮಾಸಿದೆ ಅಣ್ಣ. ಬಂದದ್ದು ಬಂದಿರಿ, ತಿದ್ದಿಕೊಟ್ಟು ಹೋಗಿ."

ಅವನು ಸುಣ್ಣದ ಬ್ರಷ್ಷು ಕೆಳಗಿಟ್ಟು, ಚೀಲದಲ್ಲಿ ಕೆಂಪು ಬಣ್ಣದ ಡಬ್ಬಿ ಹುಡುಕತೊಡಗಿದ.