ತಾಡಪತ್ರಿ ನುಂಗಿದ ಇಲಿ

“ನನ್ನ ಹೆಸರು ಕೇಳಿದ್ರ ಸಾಕು, ಮೊರಬದ ಇಲಿ ತಿರ್ಲಾಪುರಕ್ಕ ಗುಳೇ ಹೋಗತಾವ್ರಿ!” ಎಂದು ಆಳುಮಗ ಹುಲಿಗೆಪ್ಪ ಎದೆ ತಟ್ಟಿಕೊಳ್ಳುವಷ್ಟರಲ್ಲಿ ಮಿಸ್ತ್ರಿ ರಾಜೇಸಾಬ ಟ್ರ್ಯಾಕ್ಟರಿನ ಬಾನೆಟ್ ಎತ್ತಿದ. ಒಳಗೆ ಕಣ್ಣು ಬಿಡದ ಏಳು ಇಲಿಮರಿಗಳು ಮಲಗಿದ್ದವು. ವೈರುಗಳೆಲ್ಲ ತುಂಡಾಗಿದ್ದವು. ಒಡತಿ ಗುರವ್ವ ಹೊಲದ ಕಡೆ ನೋಡಿದಳು. ಕಪ್ಪು ಎರೆ ಭೂಮಿಯ ಹದ ನಾಳೆಗೆ ಆರಿಹೋಗುತ್ತಿತ್ತು. ಜೋಳ ಇಂದೇ ಬಿತ್ತಬೇಕಿತ್ತು.

“ಮಳಿಗಾಲಕ್ಕ ಇದನ್ನ ಮುಚ್ಚಾಕ ಕೊಟ್ಟ ಹೊಸಾ ತಾಡಪತ್ರಿ ಎಲ್ಲೈತೋ?” ಎಂದು ಹುಲಿಗೆಪ್ಪನನ್ನು ಕೇಳಿದಳು.

“ಆನಿಯಂಥಾ ಇಲಿ ಬಂದಿದ್ವು ಅಕ್ಕಾರ. ತಾಡಪತ್ರಿ ಹಗ್ಗದ ಸಮೇತ ನುಂಗಿದ್ವು. ಅದಕ್ಕ ಶೇಂಗಾದ ಚೀಲ ಹೊಚ್ಚಿದ್ನಿ.”

“ಶೇಂಗಾದ ಚೀಲಾ? ಇಲಿಗೆ ಬೀಗರೂಟಕ್ಕ ಕರದಂಗಾತಲ್ಲೋ!” ರಾಜೇಸಾಬ ನಕ್ಕ. “ತಾಡಪತ್ರಿ ಇಂವನ ಹೊಡದಾನ ನೋಡ್ರಿ.”

“ಹಂಗ ಅನಬ್ಯಾಡ,” ಗುರವ್ವ ಗದರಿದಳು. “ಅವನ ಬಾಯಿ ದೊಡ್ಡದು, ಖರೆ. ಕೈ ಸ್ವಚ್ಛ ಐತಿ.”

ಹತ್ತು ಊರಿನ ಮಾತು ಒಬ್ಬನೇ ಆಡುವ ಹುಲಿಗೆಪ್ಪ ತಲೆಗೆ ಸುತ್ತಿದ್ದ ಪಟಕಾ ಬಿಚ್ಚಿ ಕೈಯಲ್ಲಿ ಹಿಡಿದ.

“ಇಲಿ ನುಂಗಿಲ್ರಿ ಅಕ್ಕಾರ,” ಎಂದ, ನೆಲ ನೋಡುತ್ತ. “ನಮ್ಮ ಮನಿ ಮಾಳಗಿ ಸೋರತಿತ್ತು. ಅದರ ಮ್ಯಾಲ ಹಾಸೀನ್ರಿ.”